ಹಳೆಯ ಕಾರುಗಳ ಹವ್ಯಾಸ, ಭಾರತದಲ್ಲಿ

ಹಳೆಯ ಮೋಟಾರು ಕಾರುಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ, ಓಡುವ ಸ್ಥಿತಿಯಲ್ಲಿ ಉಳಿಸಿಕೊಂಡು, ಅವುಗಳ ಬಗೆಗಿನ ತಿಳಿವಳಿಕೆಯನ್ನು ಸಮಾನಾಸಕ್ತರೊಡನೆ ಹಂಚಿಕೊಳ್ಳುವ ಹವ್ಯಾಸ. ಯುರೋಪು, ಅಮೆರಿಕಗಳಲ್ಲಿ 1930ರ ದಶಕದಲ್ಲಿ ಸಂಘಟಿತ ರೂಪ ಪಡೆದ ಇದು ಭಾರತದಲ್ಲಿ ಬೇರೂರಿದ್ದು 1960ರ ದಶಕದಲ್ಲಿ. ಕೋಲ್ಕತ್ತ, ದೆಹಲಿ, ಮುಂಬಯಿ, ಚೆನ್ನೈ, ಬೆಂಗಳೂರು, ಹೈದರಾಬಾದ್ ಮತ್ತು ಕೊಯಮತ್ತೂರು ಇದರ ಮುಖ್ಯ ನೆಲೆಗಳು. ಹೊರಗಿನಿಂದ ನೋಡಿದವರಿಗೆ ಇದು ಹಣವಂತರ ಶೋಕಿಯಾಗಿ ಕಾಣುವುದು ಸಹಜ. ಆದರೆ ಹಣ ಕೊಟ್ಟು ಕಾರನ್ನು ತರಬಹುದೇ ಹೊರತು ಅದನ್ನು ಓಡಿಸಲಾಗದು. ತೊಂಬತ್ತು ವರ್ಷದ ಎಂಜಿನ್ನಿಗೆ ಯಾವ ಅಳತೆಯ ಬೇರಿಂಗ್ ಬೇಕು, ಅದನ್ನು ಎರೆಯಬಲ್ಲ ಮೇಸ್ತ್ರಿ ಯಾವ ಊರಿನಲ್ಲಿದ್ದಾನೆ, ತೀರಿಕೊಂಡ ಮಾಲೀಕರ ಹೆಸರಿನಲ್ಲಿರುವ ಆರ್.ಸಿ. ಪುಸ್ತಕವನ್ನು ಹೇಗೆ ಬದಲಾಯಿಸಿಕೊಳ್ಳಬೇಕು ಎಂಬುದೆಲ್ಲ ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲಿ ದಾಟುವ ವಿದ್ಯೆ. ಹವ್ಯಾಸದ ನಿಜವಾದ ಬಂಡವಾಳ ಈ ವಿದ್ಯೆಯೇ.

ವರ್ಗೀಕರಣ

ಬ್ರಿಟನ್ನಿನ ರೂಢಿಯಂತೆ 1918ರ ಕೊನೆಯವರೆಗಿನ ಕಾರುಗಳು ವೆಟರನ್ ಮತ್ತು ಎಡ್ವರ್ಡಿಯನ್ ವರ್ಗಕ್ಕೆ ಸೇರುತ್ತವೆ. 1919ರಿಂದ 1930ರವರೆಗಿನವು ವಿಂಟೇಜ್. ಭಾರತದ ರ‍್ಯಾಲಿಗಳು ಇಷ್ಟು ಬಿಗಿಯಾಗಿಲ್ಲ. ಇಲ್ಲಿ ಸಾಮಾನ್ಯವಾಗಿ 1939ರವರೆಗಿನ ಕಾರುಗಳನ್ನು ವಿಂಟೇಜ್ ಎಂದೂ ಅನಂತರದವನ್ನು ಕ್ಲಾಸಿಕ್ ಎಂದೂ ಕರೆಯುತ್ತಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ (ಸ್ಥಾಪನೆ 1966) ಮೂವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ, ದಿನನಿತ್ಯದ ಓಡಾಟಕ್ಕೆ ಬಳಸದ ವಾಹನವನ್ನು ಐತಿಹಾಸಿಕ ಎಂದು ಒಪ್ಪುತ್ತದೆ. ಭಾರತದ ಕಾನೂನು ಮಾತ್ರ ಐವತ್ತು ವರ್ಷ ಎನ್ನುತ್ತದೆ. ಈ ಇಪ್ಪತ್ತು ವರ್ಷಗಳ ಅಂತರ ಸಣ್ಣದಲ್ಲ. ಅದರ ಪರಿಣಾಮವನ್ನು ಮುಂದೆ ಕಾನೂನಿನ ಭಾಗದಲ್ಲಿ ನೋಡಬಹುದು.

ಕಾರುಗಳು ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಲ್ಕತ್ತ ಮತ್ತು ಬೊಂಬಾಯಿ ಬಂದರುಗಳ ಮೂಲಕ ಮೋಟಾರು ಕಾರು ಭಾರತಕ್ಕೆ ಬಂತು. ಮುಂದಿನ ನಾಲ್ಕು ದಶಕ ಇಲ್ಲಿಗೆ ಬಂದ ವಾಹನಗಳ ವೈವಿಧ್ಯ ದೊಡ್ಡದು. ರಾಜಮಹಾರಾಜರು ರೋಲ್ಸ್‌ರಾಯ್ಸ್, ಡೇಮ್ಲರ್, ಇಸೊಟ್ಟಾ ಫ್ರಾಸ್ಕೀನಿ, ಬೆಂಟ್ಲಿ, ಮರ್ಸಿಡಿಸ್ ತರಿಸಿಕೊಂಡರು. ಕಾಫಿ, ಚಹಾ ತೋಟದವರು, ವಕೀಲರು, ವೈದ್ಯರು ಫೋರ್ಡ್, ಷೆವರ್ಲೆ, ಬ್ಯೂಕ್, ಆಸ್ಟಿನ್, ಮಾರಿಸ್ ಕೊಂಡರು. ನೆಲದಿಂದ ಎತ್ತರವಿದ್ದ ಅಮೆರಿಕದ ಕಾರುಗಳು ನಮ್ಮ ಮಣ್ಣುರಸ್ತೆಗಳಿಗೆ ಒಗ್ಗಿದವು. 1926ರ ಹೊತ್ತಿಗೆ ಫೋರ್ಡ್ ಕಂಪನಿ ಭಾರತದಲ್ಲಿ ನೆಲೆಯೂರಿತ್ತು. 1928ರಲ್ಲಿ ಜನರಲ್ ಮೋಟಾರ್ಸ್ ಬೊಂಬಾಯಿಯ ಸೇವರಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಾರ್ಖಾನೆ ತೆರೆಯಿತು. ಇಂದು ರ‍್ಯಾಲಿಗಳಲ್ಲಿ ಅಮೆರಿಕದ ಕಾರುಗಳು ಇಷ್ಟೊಂದು ಕಾಣಿಸಿಕೊಳ್ಳಲು ಇದೂ ಒಂದು ಕಾರಣ.

ಆ ಕಾಲದಲ್ಲಿ ರೋಲ್ಸ್‌ರಾಯ್ಸ್ ಕಂಪನಿ ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಅದರ ಮೇಲಿನ ಬಾಡಿಯನ್ನು ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥ ಕೋಚ್ ಕಟ್ಟುವವರು ಗಿರಾಕಿಯ ಇಷ್ಟದಂತೆ ಮಾಡಿಕೊಡುತ್ತಿದ್ದರು. ಹೈದರಾಬಾದಿನ ನಿಜಾಮರ ಸಿಲ್ವರ್ ಘೋಸ್ಟ್ ಕಾರಿನಲ್ಲಿ ಹಿಂದಿನ ಸೀಟಿನ ಜಾಗದಲ್ಲಿ ಸಿಂಹಾಸನವಿರುವುದು ಹೀಗೆಯೇ. ಕಲ್ಕತ್ತದಲ್ಲಿದ್ದ ಇಂಗ್ಲಿಷ್ ಧನಿಕ ರಾಬರ್ಟ್ ನಿಕೋಲ್ ಮ್ಯಾಥ್ಯೂಸನ್ 1910ರಲ್ಲಿ ಮಾಡಿಸಿಕೊಂಡ ಹಂಸಾಕೃತಿಯ ಬ್ರೂಕ್ ಕಾರು ಮುಂದೆ ನಾಭಾ ಸಂಸ್ಥಾನಕ್ಕೆ ಸೇರಿತು. ಈಗ ನೆದರ್ಲೆಂಡ್ಸಿನ ಹೇಗ್ ನಗರದ ಲೌಮನ್ ಸಂಗ್ರಹಾಲಯದಲ್ಲಿದೆ.

ಮೈಸೂರು ಅರಮನೆ ರೋಲ್ಸ್‌ರಾಯ್ಸ್ ಕಾರುಗಳನ್ನು ಏಳೇಳರಂತೆ ತರಿಸುತ್ತಿತ್ತು ಎಂಬ ಮಾತು ಕಾರುಪ್ರಿಯರಲ್ಲಿ ಇಂದಿಗೂ ಓಡಾಡುತ್ತದೆ. ಅಲ್ವರದ ಮಹಾರಾಜರು ಸಿಟ್ಟಿನಿಂದ ರೋಲ್ಸ್‌ರಾಯ್ಸ್ ಕಾರುಗಳನ್ನು ಕಸ ಗುಡಿಸಲು ಹಚ್ಚಿದರು ಎಂಬ ಕಥೆಯೂ ಅಷ್ಟೇ ಪ್ರಸಿದ್ಧ. ಎರಡನೆಯ ಕಥೆಗೆ ನಂಬಲರ್ಹವಾದ ದಾಖಲೆಯನ್ನು ಯಾರೂ ಮುಂದಿಟ್ಟಿಲ್ಲ. ಇತರ ಸಂಸ್ಥಾನಗಳ ಹೆಸರು ಹಚ್ಚಿಯೂ ಅದನ್ನೇ ಹೇಳುತ್ತಾರೆ. ಗಂಭೀರ ಹವ್ಯಾಸಿಗಳು ಇಂಥ ಕಥೆಗಳನ್ನು ದೂರವಿಟ್ಟು ಚಾಸಿ ಸಂಖ್ಯೆಯ ಬೆನ್ನು ಹತ್ತುತ್ತಾರೆ. ಒಂದೊಂದು ರೋಲ್ಸ್‌ರಾಯ್ಸ್ ಚಾಸಿಯೂ ಯಾರಿಗೆ, ಯಾವಾಗ ಹೋಯಿತು ಎಂಬ ಕಾರ್ಖಾನೆಯ ದಾಖಲೆಗಳು ಬ್ರಿಟನ್ನಿನಲ್ಲಿ 1957ರಲ್ಲಿ ಹುಟ್ಟಿದ ರೋಲ್ಸ್‌ರಾಯ್ಸ್ ಪ್ರಿಯರ ಸಂಘದ ಸಂಗ್ರಹದಲ್ಲಿ ಉಳಿದಿವೆ. ಕಥೆಯನ್ನೂ ಕಾಗದವನ್ನೂ ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಆಧಾರವಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಆಗ ಅನೇಕ ಕಾರು, ಬಸ್ಸುಗಳಿಗೆ ಇದ್ದಿಲು ಉರಿಸಿ ಗ್ಯಾಸ್ ಮಾಡುವ ಉರುಳೆಗಳನ್ನು ಕಟ್ಟಿ ಓಡಿಸಿದರು. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ವಿಲ್ಲೀಸ್ ಮತ್ತು ಫೋರ್ಡ್ ಜೀಪುಗಳು ಹಳ್ಳಿಗಾಡಿನವರೆಗೂ ತಲುಪಿದವು. ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಜೀಪಿನ ಮೇಲಿನ ಅಕ್ಕರೆ ಇಂದಿಗೂ ಕುಂದಿಲ್ಲ.

ಸ್ವದೇಶಿ ಕಾರು ಮತ್ತು ಮೈಸೂರಿನ ಕನಸು

ಭಾರತದ ಹಳೆಯ ಕಾರುಗಳ ಕಥೆಯಲ್ಲಿ ಕರ್ನಾಟಕಕ್ಕೆ ನೇರವಾಗಿ ಸೇರಿದ ಅಧ್ಯಾಯವೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ದೇಶಕ್ಕೆ ತನ್ನದೇ ಮೋಟಾರು ಕಾರ್ಖಾನೆ ಬೇಕೆಂದು ಯೋಜನೆ ಸಿದ್ಧಪಡಿಸಿದರು. ಅದಕ್ಕಾಗಿಯೇ 1935ರಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ಕಂಡು ಬಂದರು. ಉದ್ಯಮಿ ವಾಲಚಂದ್ ಹಿರಾಚಂದ್ ಈ ಯೋಜನೆಗೆ ಕೈಜೋಡಿಸಿದರು. ಮೈಸೂರು ಸರ್ಕಾರದ ಬೆಂಬಲದೊಡನೆ ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟುವ ಮಾತುಕತೆಯೂ ನಡೆಯಿತು. ಆದರೆ ಬ್ರಿಟಿಷ್ ಸರ್ಕಾರದಿಂದ ಉತ್ತೇಜನ ಸಿಗಲಿಲ್ಲ. ವಾಲಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಕಾರಿನ ಕಾರ್ಖಾನೆ, ಅಂದರೆ ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಬೊಂಬಾಯಿಯ ಪಾಲಾಯಿತು. ಬೆಂಗಳೂರು ಕಾರಿನ ಊರಾಗುವುದು ತಪ್ಪಿ ವಿಮಾನದ ಊರಾಯಿತು.

ಪ್ರೀಮಿಯರ್ ಮೊದಲು ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನೂ 1954ರಿಂದ ಫಿಯೆಟ್ 1100 ಅನ್ನೂ ಹೊರತಂದಿತು. ಈ ಫಿಯೆಟ್ಟೇ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. 1942ರಲ್ಲಿ ಬಿರ್ಲಾ ಕುಟುಂಬ ಸ್ಥಾಪಿಸಿದ ಹಿಂದುಸ್ತಾನ್ ಮೋಟಾರ್ಸ್, ಮಾರಿಸ್ ಕಾರುಗಳ ಆಧಾರದ ಮೇಲೆ ಹಿಂದುಸ್ತಾನ್ 10, ಲ್ಯಾಂಡ್‌ಮಾಸ್ಟರ್ ಮತ್ತು ಅಂಬಾಸಿಡರ್ ತಯಾರಿಸಿತು. ಅಂಬಾಸಿಡರ್ ಉತ್ಪಾದನೆ ನಿಂತಿದ್ದು 2014ರ ಮೇ ತಿಂಗಳಲ್ಲಿ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ಕೊಟ್ಟಿತು.

ಬೆಂಗಳೂರು ಕಾರು ತಯಾರಿಸಲೇ ಇಲ್ಲವೆಂದಲ್ಲ. 1970ರ ದಶಕದಲ್ಲಿ ಸನ್‌ರೈಸ್ ಎಂಬ ಕಂಪನಿ, ಮುಂದೆ ಸಿಪಾನಿ ಆಟೊಮೊಬೈಲ್ಸ್, ಫೈಬರ್‌ಗ್ಲಾಸ್ ಬಾಡಿಯ ಮೂರು ಗಾಲಿಯ ಬಾದಲ್ ಕಾರನ್ನು ಹೊರತಂದಿತು. 1982ರಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ ಡಾಲ್ಫಿನ್ ಬಂತು. ಎರಡೇ ಬಾಗಿಲು, 848 ಸಿಸಿ ಎಂಜಿನ್ನು, ಹಗುರವಾದ ಮೈ. ಮಾರುಕಟ್ಟೆಯಲ್ಲಿ ಮಾರುತಿಯೆದುರು ನಿಲ್ಲಲಾಗದಿದ್ದರೂ ಹಗುರವಾಗಿದ್ದ ಕಾರಣಕ್ಕೆ ರ‍್ಯಾಲಿ ಮಾಡುವವರ ಮೆಚ್ಚುಗೆ ಗಳಿಸಿತು. ಇವತ್ತು ಒಂದು ಬಾದಲನ್ನೋ ಡಾಲ್ಫಿನ್ನನ್ನೋ ಓಡುವ ಸ್ಥಿತಿಯಲ್ಲಿ ಕಾಣುವುದು ಅಪರೂಪ. ಮಹಾರಾಜರ ಕಾರನ್ನು ಉಳಿಸಲು ಸಾಲುಗಟ್ಟಿ ನಿಲ್ಲುವವರಿದ್ದಾರೆ. ಬೆಂಗಳೂರಿನ ಕೈಗಳು ಮಾಡಿದ ಈ ಸಾದಾ ಕಾರಿಗೆ ಅಂಥ ಸಾಲಿಲ್ಲ. ಚರಿತ್ರೆಯ ದೃಷ್ಟಿಯಿಂದ ಎರಡರ ಬೆಲೆಯೂ ಒಂದೇ ಎಂದು ಒಪ್ಪಿಕೊಳ್ಳುವವರೆಗೆ ನಮ್ಮ ಸಂಗ್ರಹಗಳು ಅರ್ಧವೇ.

ಸಂಘಗಳು, ರ‍್ಯಾಲಿಗಳು

ಬ್ರಿಟನ್ನಿನಲ್ಲಿ ಕಾರುಗಳ ವೇಗಮಿತಿಯನ್ನು ಸಡಿಲಿಸಿದ ಸಂಭ್ರಮಕ್ಕಾಗಿ 1896ರ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್‌ಗೆ ಮೋಟಾರುಗಳ ಓಟ ನಡೆಯಿತು. 1927ರಲ್ಲಿ ಅದರ ನೆನಪಿಗೆ ಹಳೆಯ ಕಾರುಗಳ ಓಟ ಮತ್ತೆ ಆರಂಭವಾಯಿತು. ಹಳೆಯ ಕಾರನ್ನು ಗುಜರಿಗೆ ಹಾಕದೆ ಓಡಿಸಿ ಸಂತೋಷಪಡಬಹುದೆಂಬ ಅರಿವು ಸಾರ್ವಜನಿಕವಾಗಿ ಮೂಡಿದ್ದು ಇಲ್ಲಿಂದ. 1930ರಲ್ಲಿ ಅಲ್ಲಿನ ವೆಟರನ್ ಕಾರ್ ಕ್ಲಬ್, 1934ರಲ್ಲಿ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್, 1935ರಲ್ಲಿ ಅಮೆರಿಕದ ಸಂಘ ಹುಟ್ಟಿದವು.

ಭಾರತದಲ್ಲಿ ಈ ಅರಿವು ಮೂಡಿಸಿದ್ದು ಒಂದು ಪತ್ರಿಕೆ. ದಿ ಸ್ಟೇಟ್ಸ್‌ಮನ್ 1964ರಲ್ಲಿ ದೆಹಲಿಯಲ್ಲೂ 1968ರಲ್ಲಿ ಕಲ್ಕತ್ತದಲ್ಲೂ ಹಳೆಯ ಕಾರುಗಳ ರ‍್ಯಾಲಿ ಆರಂಭಿಸಿತು. ಸಂಸ್ಥಾನಗಳು ವಿಲೀನವಾಗಿ, ಆಮದಿಗೆ ಕಡಿವಾಣ ಬಿದ್ದು, ದೊಡ್ಡ ಕಾರುಗಳು ಲಾಯಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಹೊತ್ತು ಅದು. ಎಷ್ಟೋ ಕಾರುಗಳನ್ನು ವಿದೇಶಿ ವ್ಯಾಪಾರಿಗಳು ಜುಜುಬಿ ಬೆಲೆಗೆ ಕೊಂಡು ಸಾಗಿಸಿದರು. 1970ರ ದಶಕದಲ್ಲಿ ಸರ್ಕಾರ ಇಂಥ ಕಾರುಗಳ ರಫ್ತಿಗೆ ತಡೆ ಹಾಕಿತು. ರ‍್ಯಾಲಿಗೆ ತರಬೇಕೆಂಬ ಆಸೆಯೊಂದು, ಹೊರಗೆ ಸಾಗಿಸಲಾಗದೆಂಬ ತಡೆಯೊಂದು: ಇವೆರಡೂ ಸೇರಿ ಉಳಿದದ್ದನ್ನು ಉಳಿಸಿದವು. ಸ್ಟೇಟ್ಸ್‌ಮನ್ ರ‍್ಯಾಲಿಯ ಹಳೆಯ ಭಾಗಿಗಳಲ್ಲಿ ಒಂದು, ಹೈದರಾಬಾದ್ ಸಂಸ್ಥಾನಕ್ಕೆ ತರಿಸಿದ್ದ 1914ರ ಜಾನ್ ಮಾರಿಸ್ ಅಗ್ನಿಶಾಮಕ ವಾಹನ. ಈಗ ಅದು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ಸ್ವತ್ತು.

ಅನಂತರ ಮುಂಬಯಿಯ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್, ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಮೊದಲಾದ ಸಂಘಗಳು ಬೆಳೆದವು. 2008ರಲ್ಲಿ ಮುಂಬಯಿಯಲ್ಲಿ ಕಾರ್ಟಿಯೆ ಸಂಸ್ಥೆಯ ಹಳೆಯ ಕಾರುಗಳ ಸೌಂದರ್ಯ ಸ್ಪರ್ಧೆ ಮೊದಲ ಸಲ ನಡೆಯಿತು. 2011ರಲ್ಲಿ ದೆಹಲಿಯಲ್ಲಿ ‘21 ಗನ್ ಸಲ್ಯೂಟ್’ ರ‍್ಯಾಲಿ ಆರಂಭವಾಯಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ ಭಾರತದ ಮಹಾರಾಜರ ಕಾರುಗಳಿಗೇ ವಿಶೇಷ ವಿಭಾಗ ಏರ್ಪಟ್ಟಿತು.

ಬೆಂಗಳೂರಿನ ಸಂಘದವರು ಭಾನುವಾರ ಬೆಳಿಗ್ಗೆ ಕೂಡುವುದೇ ರೂಢಿ. ರಸ್ತೆ ಖಾಲಿಯಿರುವ ಹೊತ್ತು ಅದೊಂದೇ. ಮೈಸೂರು ದಸರಾಕ್ಕೂ ಹಲವು ಸಲ ಹಳೆಯ ಕಾರುಗಳ ಸವಾರಿ ಏರ್ಪಟ್ಟಿದೆ. ಇಂಥ ಕೂಟಗಳಿಗೆ ಬರುವ ಜನ ಕಾರಿನ ಬೆಲೆ ಕೇಳುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಲ್ಲಿ ನಿಜವಾಗಿ ನಡೆಯುವುದು ಬಾನೆಟ್ಟು ಎತ್ತಿದ ಮೇಲಿನ ಮಾತು. ಯಾರದೋ ರೇಡಿಯೇಟರ್ ಕುದಿಯುತ್ತದೆ, ಇನ್ನೊಬ್ಬರಿಗೆ ಅದರ ಮದ್ದು ಗೊತ್ತು. ಒಬ್ಬರ ಹತ್ತಿರ ಹೆಚ್ಚುವರಿ ಡೈನಮೊ ಇದೆ, ಇನ್ನೊಬ್ಬರು ವರ್ಷದಿಂದ ಅದನ್ನೇ ಹುಡುಕುತ್ತಿದ್ದಾರೆ. ಬಿಡಿಭಾಗಗಳ ವಿನಿಮಯದಲ್ಲಿ ದುಡ್ಡಿಗಿಂತ ಪರಸ್ಪರ ಉಪಕಾರದ ಲೆಕ್ಕ ಹೆಚ್ಚು.

ಓಡಿಸುವ ವಿದ್ಯೆ

ಇಂದಿನ ಕಾರಿನ ಚಾಲಕ 1920ರ ದಶಕದ ಕಾರಿನಲ್ಲಿ ಕುಳಿತರೆ ಮೊದಲಿಂದ ಕಲಿಯಬೇಕಾಗುತ್ತದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ತಯಾರಾದ ಫೋರ್ಡ್ ಮಾಡೆಲ್ ಟಿಯನ್ನೇ ನೋಡೋಣ. ಅದರಲ್ಲಿ ಮೂರು ಪೆಡಲುಗಳಿವೆ, ಆದರೆ ಒಂದೂ ಆಕ್ಸಿಲರೇಟರ್ ಅಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಮೊದಲ ಗೇರು, ಬಿಟ್ಟರೆ ಎರಡನೆಯದು, ನಡುವೆ ಹಿಡಿದರೆ ನ್ಯೂಟ್ರಲ್. ನಡುವಿನ ಪೆಡಲ್ ರಿವರ್ಸ್, ಬಲಗಡೆಯದು ಬ್ರೇಕು. ಪೆಟ್ರೋಲ್ ಹೆಚ್ಚಿಸುವ ಹಿಡಿಕೆ ಸ್ಟೇರಿಂಗ್ ಕೆಳಗೆ ಬಲಕ್ಕೆ, ಕಿಡಿಯ ಹೊತ್ತನ್ನು ಹಿಂದುಮುಂದು ಮಾಡುವ ಹಿಡಿಕೆ ಎಡಕ್ಕೆ.

ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವುದಕ್ಕೂ ಕ್ರಮವಿದೆ. ಮೊದಲು ಕಿಡಿಯ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ಸರಿಸಬೇಕು. ಮರೆತರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಕಿಡಿ ಹಾರಿ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಆ ಒದೆತಕ್ಕೆ ಮಣಿಕಟ್ಟು ಮುರಿದುಕೊಂಡವರು ಆ ಕಾಲದಲ್ಲಿ ಬೇಕಾದಷ್ಟು. ಆಮೇಲೆ ಚೋಕ್ ಎಳೆದು ಹ್ಯಾಂಡಲನ್ನು ಒಂದೆರಡು ಸುತ್ತು ನಿಧಾನವಾಗಿ ತಿರುಗಿಸಿ ಪೆಟ್ರೋಲ್ ಒಳಗೆಳೆಸಬೇಕು. ಸ್ವಿಚ್ ಹಾಕಿದ ಮೇಲೆ ಎಡಗೈಯಲ್ಲಿ, ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಹಿಡಿಯನ್ನು ಸುತ್ತಿಕೊಳ್ಳಬಾರದು. ಎಂಜಿನ್ ಒದ್ದರೂ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಈ ಅಪಾಯ ತಪ್ಪಿತು. ಆದರೂ ನಮ್ಮಲ್ಲಿ ಅಂಬಾಸಿಡರ್ ಕಾಲದವರೆಗೂ ಡಿಕ್ಕಿಯಲ್ಲಿ ಹ್ಯಾಂಡಲ್ ಇಟ್ಟುಕೊಂಡೇ ಓಡಾಡುತ್ತಿದ್ದರು.

ಗೇರು ಬದಲಿಸುವುದೂ ಸುಲಭವಲ್ಲ. ಹಳೆಯ ಗೇರ್‌ಬಾಕ್ಸುಗಳಲ್ಲಿ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ವ್ಯವಸ್ಥೆಯಿಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು ಎಂಜಿನ್ನಿಗೆ ಸ್ವಲ್ಪ ರೇಸು ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ಕಿವಿ ಸರಿಯಾಗಿದ್ದರೆ ಸದ್ದಿಲ್ಲದೆ ಬೀಳುತ್ತದೆ, ಇಲ್ಲದಿದ್ದರೆ ಬೀದಿಗೆಲ್ಲ ಕೇಳುವಂತೆ ಕರಕರ ಎನ್ನುತ್ತದೆ. ಫಿಯೆಟ್, ಅಂಬಾಸಿಡರ್‌ಗಳ ಹ್ಯಾಂಡ್ ಗೇರ್, ಅಂದರೆ ಸ್ಟೇರಿಂಗ್ ಕಂಬಕ್ಕೆ ಹೊಂದಿಕೊಂಡ ಗೇರಿನ ಕಡ್ಡಿ, ಈಗಿನವರಿಗೆ ಹೊಸದಾಗಿ ತೋರಿದರೂ ಅರ್ಧ ದಿನದಲ್ಲಿ ಕೈಗೆ ಹತ್ತುತ್ತದೆ.

ಗ್ಯಾರೇಜು ಮತ್ತು ಗುಜರಿ

ಹಳೆಯ ಕಾರು ಬದುಕುಳಿಯುವುದು ಗ್ಯಾರೇಜಿನಲ್ಲಿ. ಬಾಡಿಯ ಒಳಗಿನ ಹಂದರ ಮರದ್ದು. ಇಂಗ್ಲೆಂಡಿನಲ್ಲಿ ಆ್ಯಷ್ ಮರ ಬಳಸಿದರೆ ಇಲ್ಲಿ ತೇಗ ಬಳಸುತ್ತಾರೆ. ಗೆದ್ದಲು ತಿಂದ ಚೌಕಟ್ಟನ್ನು ಬಡಗಿ ಹೊಸದಾಗಿ ಕಟ್ಟುತ್ತಾನೆ, ಟಿಂಕರ್ ಕೆಲಸದವನು ತಗಡು ಬಡಿದು ಅದರ ಮೇಲೆ ಕೂರಿಸುತ್ತಾನೆ. ಒಳ್ಳೆಯ ಟಿಂಕರ್ ಪುಟ್ಟಿಯನ್ನು ನಂಬುವುದಿಲ್ಲ. ತಗಡಿನ ಉಬ್ಬುತಗ್ಗುಗಳನ್ನು ಅಂಗೈಯಿಂದ ಸವರಿ ನೋಡಿ, ಸುತ್ತಿಗೆ ಮತ್ತು ಅಡಿಗಟ್ಟಿಯ ನಡುವೆ ಬಡಿದೇ ಸರಿಪಡಿಸುತ್ತಾನೆ. ದಪ್ಪ ಪುಟ್ಟಿ ಮೆತ್ತಿದ ಕಾರು ಪ್ರದರ್ಶನದ ದಿನ ಹೊಳೆಯುತ್ತದೆ, ಎರಡು ಮಳೆಗಾಲ ಕಳೆದರೆ ಬಿರುಕು ಬಿಡುತ್ತದೆ.

ಎಂಜಿನ್ ಒಳಗಿನ ಕೆಲಸ ಇನ್ನೂ ಸೂಕ್ಷ್ಮ. 1930ಕ್ಕೂ ಹಿಂದಿನ ಬಹುಪಾಲು ಎಂಜಿನ್‌ಗಳಲ್ಲಿ ಈಗಿನಂತೆ ಅಂಗಡಿಯಿಂದ ತಂದು ಹಾಕುವ ಬೇರಿಂಗ್ ಇಲ್ಲ. ತವರಕ್ಕೆ ಆಂಟಿಮನಿ, ತಾಮ್ರ ಬೆರೆಸಿದ ಬಿಳಿಲೋಹವನ್ನು ಕರಗಿಸಿ ನೇರವಾಗಿ ಅಚ್ಚಿಗೆ ಎರೆಯಬೇಕು. ತಣಿದ ಮೇಲೆ ಲೇತಿನಲ್ಲಿ ಕೊರೆದು, ಕ್ರ್ಯಾಂಕ್ ಶಾಫ್ಟಿಗೆ ನೀಲಿ ಬಣ್ಣ ಸವರಿ ಅದರ ಮೇಲೆ ಕೂರಿಸಿ ತಿರುಗಿಸಬೇಕು. ನೀಲಿ ಹತ್ತಿದ ಜಾಗವೇ ಉಬ್ಬಿದ ಜಾಗ. ಅದನ್ನು ಮೂರುಮೂಲೆಯ ಹೆರೆಗತ್ತಿಯಿಂದ ಕೂದಲೆಳೆಯಷ್ಟು ಹೆರೆದು ಮತ್ತೆ ಕೂರಿಸಬೇಕು. ಮೈತುಂಬ ಸಮನಾಗಿ ನೀಲಿ ಹತ್ತುವವರೆಗೆ ಇದನ್ನು ಬಿಡುವಂತಿಲ್ಲ. ಈ ಕೆಲಸ ಗೊತ್ತಿರುವ ಮೇಸ್ತ್ರಿಗಳು ಈಗ ಬೆರಳೆಣಿಕೆಯಷ್ಟು. ಅವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿ ಉಸ್ತಾದರ ಕೈಕೆಳಗೆ ಕಲಿತವರು, ಬರೆದಿಟ್ಟುಕೊಂಡವರಲ್ಲ. ಸ್ಪರ್ಧೆಯಲ್ಲಿ ಬಹುಮಾನ ಬಂದಾಗ ಮಾಲೀಕರ ಹೆಸರು ಕೂಗುತ್ತಾರೆ, ಮೇಸ್ತ್ರಿಯ ಹೆಸರು ಕೂಗುವುದಿಲ್ಲ. ಈ ಹವ್ಯಾಸದಲ್ಲಿ ಸರಿಪಡಿಸಬೇಕಾದ ಮೊದಲ ದೋಷ ಇದು.

ಬಿಡಿಭಾಗಗಳ ಹುಡುಕಾಟ ಗುಜರಿಯಿಂದ ಆರಂಭವಾಗುತ್ತದೆ: ಬೆಂಗಳೂರಿನಲ್ಲಿ ಶಿವಾಜಿನಗರ, ಚೆನ್ನೈಯಲ್ಲಿ ಪುದುಪೇಟೆ, ಮುಂಬಯಿಯಲ್ಲಿ ಚೋರ್ ಬಜಾರ್, ಕೋಲ್ಕತ್ತದಲ್ಲಿ ಮಲ್ಲಿಕ್ ಬಜಾರ್, ದೆಹಲಿಯಲ್ಲಿ ಮಾಯಾಪುರಿ. ಹೊಸ ಸಾಮಾನಿಗೆ ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುತ್ತಾರೆ. ಮಾಡೆಲ್ ಟಿ, ಆಸ್ಟಿನ್ ಸೆವೆನ್, ಎಂ.ಜಿ.ಗಳಂಥ ಜನಪ್ರಿಯ ಕಾರುಗಳ ಭಾಗಗಳನ್ನು ಇಂದಿಗೂ ವಿದೇಶಗಳಲ್ಲಿ ಹೊಸದಾಗಿ ತಯಾರಿಸುತ್ತಾರೆ. ಎಲ್ಲೂ ಸಿಗದ್ದನ್ನು ಲೇತಿನ ಕೆಲಸದವರಿಂದ ಮಾಡಿಸಿಕೊಳ್ಳಬೇಕು. ವಿಚಿತ್ರವೆಂದರೆ 1930ರ ಫೋರ್ಡಿನ ಭಾಗ ಸಿಕ್ಕಷ್ಟು ಸುಲಭವಾಗಿ 1985ರ ಭಾರತೀಯ ಕಾರಿನ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಭಾಗ ಸಿಗುವುದಿಲ್ಲ.

ಇಂಧನವೂ ತಲೆನೋವು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಸೀಸವನ್ನು ನಂಬಿ ರೂಪಿಸಿದ ಹಳೆಯ ಎಂಜಿನ್‌ಗಳ ವಾಲ್ವ್ ಸೀಟುಗಳು ಬೇಗ ಸವೆಯತೊಡಗಿದವು. ಗಟ್ಟಿ ಸೀಟು ಹಾಕಿಸಿ ಅದನ್ನು ನಿಭಾಯಿಸಿದ್ದಾಯಿತು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪು, ಕಾರ್ಕಿನ ವಾಷರುಗಳನ್ನು ಹಾಳುಮಾಡುತ್ತದೆ. ತಿಂಗಳಿಗೊಮ್ಮೆ ಹೊರಗೆ ತೆಗೆಯುವ ಕಾರಿನ ಟ್ಯಾಂಕಿನಲ್ಲಿ ಇದು ನಿಂತರೆ ತುಕ್ಕು ಖಂಡಿತ. ಟ್ಯಾಂಕು ಖಾಲಿ ಮಾಡಿಯೇ ಕಾರು ನಿಲ್ಲಿಸುವುದು, ಪೈಪುಗಳನ್ನು ಎಥನಾಲ್ ತಡೆಯುವ ಬಗೆಗೆ ಬದಲಿಸುವುದು ಈಗ ಅನಿವಾರ್ಯ.

ಮೂಲವೋ ಹೊಸತೋ?

ಹವ್ಯಾಸಿಗಳ ನಡುವೆ ಎಂದೂ ಮುಗಿಯದ ವಾದವೊಂದಿದೆ. ಕಾರನ್ನು ಕಾರ್ಖಾನೆಯಿಂದ ಆಗತಾನೆ ಬಂದಂತೆ ಥಳಥಳಿಸುವಂತೆ ಮಾಡಬೇಕೆಂದು ಒಂದು ಪಕ್ಷ. ಸವೆದ ಸೀಟು, ಮಾಸಿದ ಬಣ್ಣ ಹಾಗೆಯೇ ಇರಲಿ, ಅದೇ ಅದರ ಚರಿತ್ರೆ ಎಂದು ಇನ್ನೊಂದು. ಆರು ವೋಲ್ಟ್ ವಿದ್ಯುತ್ ವ್ಯವಸ್ಥೆಯನ್ನು ಹನ್ನೆರಡಕ್ಕೆ ಬದಲಿಸಬಹುದೇ? ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕುದಿಯದಿರಲೆಂದು ವಿದ್ಯುತ್ ಫ್ಯಾನು ಹಾಕಬಹುದೇ? ಮೂಲದಲ್ಲಿ ಕಪ್ಪಗಿದ್ದ ಕಾರಿಗೆ ಮದುವೆ ಮೆರವಣಿಗೆಗೆಂದು ಕೆಂಪು, ಹಳದಿ ಬಳಿಯಬಹುದೇ?

ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಇದಕ್ಕೊಂದು ನೀತಿ ರೂಪಿಸಿದೆ. ಮೂಲ ವಸ್ತುವನ್ನು ಆದಷ್ಟು ಉಳಿಸಬೇಕು, ಬದಲಿಸಿದ್ದು ಪರೀಕ್ಷಿಸಿದಾಗ ಗುರುತಾಗುವಂತಿರಬೇಕು, ಮಾಡಿದ ಕೆಲಸದ ದಾಖಲೆ ಇಡಬೇಕು ಎಂಬುದು ಅದರ ಸಾರ. ಇದೇ ಸರಿಯಾದ ದಾರಿ. ಭಾರತದಲ್ಲಿ ಎಷ್ಟೋ ಕಾರುಗಳ ಮೂಲ ಬಾಡಿ ಕಿತ್ತು ಹೊಸದಾಗಿ ಕಟ್ಟಿದ್ದಾರೆ. ದಾಖಲೆಯಿಲ್ಲದ ಕಾರಣ ಯಾವುದು ಅಸಲು, ಯಾವುದು ನಕಲು ಎಂದು ಹೇಳುವುದೇ ಕಷ್ಟವಾಗಿದೆ. ಸುರಕ್ಷತೆಗೆ ಬೇಕಾದ ಬ್ರೇಕು, ದೀಪಗಳ ಬದಲಾವಣೆಯನ್ನು, ಮರಳಿ ತೆಗೆಯುವಂತಿದ್ದರೆ, ಯಾರೂ ತಪ್ಪೆನ್ನಲಾರರು.

ಕೋಲ್ಕತ್ತದ ನೇತಾಜಿ ಭವನದಲ್ಲಿರುವ ವಾಂಡರರ್ ಕಾರು ಈ ವಿಷಯದಲ್ಲಿ ನೆನೆಯತಕ್ಕದ್ದು. ಸುಭಾಷ್‌ಚಂದ್ರ ಬೋಸರು 1941ರ ಜನವರಿಯಲ್ಲಿ ಗೃಹಬಂಧನ ತಪ್ಪಿಸಿಕೊಂಡು ಹೊರಟಿದ್ದು ಇದೇ ಕಾರಿನಲ್ಲಿ. ಅದನ್ನು ದುರಸ್ತಿಗೊಳಿಸಿ 2017ರ ಜನವರಿಯಲ್ಲಿ ಮತ್ತೆ ಜನರೆದುರು ತಂದರು. ಯಾರು ಕುಳಿತಿದ್ದರು, ಎಲ್ಲಿಗೆ ಹೋಯಿತು ಎಂಬುದು ಗೊತ್ತಿರುವಾಗ ಕಾರಿಗೆ ಸಿಗುವ ಬೆಲೆ ಬಣ್ಣದಿಂದ ಸಿಗುವುದಿಲ್ಲ.

ಸಂಗ್ರಹಾಲಯಗಳು

ಅಹಮದಾಬಾದಿನ ಕಠವಾಡದಲ್ಲಿ ಪ್ರಾಣಲಾಲ್ ಭೋಗಿಲಾಲರ ಆಟೊ ವರ್ಲ್ಡ್, ಉದಯಪುರದ ಮೇವಾಡ ಅರಸುಮನೆತನದ ಸಂಗ್ರಹ, ಹರಿಯಾಣದ ತಾವಡುವಿನಲ್ಲಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ, ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಅವರ ನೆನಪಿನ ಜೀಡೀ ಕಾರು ಸಂಗ್ರಹಾಲಯ ಪ್ರಮುಖವಾದವು. ಕರ್ನಾಟಕದಲ್ಲಿ ಈ ಕೆಲಸಕ್ಕೆ ನಿಂತವರು ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನು ದೇವರ ದರ್ಶನಕ್ಕೆ ಬಂದ ಹಳ್ಳಿಯ ಜನ ಮಕ್ಕಳೊಂದಿಗೆ ನೋಡಿ ಹೋಗುತ್ತಾರೆ. ದೇಶದಲ್ಲಿ ಹಳೆಯ ಕಾರುಗಳನ್ನು ಇಷ್ಟು ಬಗೆಯ ಜನರೆದುರು ಇಟ್ಟ ಸಂಗ್ರಹ ಕಡಿಮೆ. ಶ್ರೀರಂಗಪಟ್ಟಣದ ಬಳಿ ಮೈಸೂರು ರಸ್ತೆಯಲ್ಲಿ ತೆರೆದ ‘ಪಯಣ’ ಈ ಸಂಗ್ರಹದ ಮುಂದುವರಿಕೆ.

ಕಾನೂನು

2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಮೊದಲ ಸಲ ಪ್ರತ್ಯೇಕ ಸ್ಥಾನ ಕೊಟ್ಟಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರಡಿ ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯತೆ, ಮರುನೋಂದಣಿಗೆ 5,000. ಹೊಸದಾಗಿ ನೋಂದಣಿಯಾಗುವ ವಾಹನದ ಫಲಕದಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾದವು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಕರ್ನಾಟಕದ ಹವ್ಯಾಸಿಗಳಿಗೆ ಇದು ದೊಡ್ಡ ಸಮಾಧಾನ ತಂದಿತು; ಎಂವೈ, ಎಂಇ, ಸಿಎ ಎಂದು ಆರಂಭವಾಗುವ ಹಳೆಯ ಫಲಕ ಅವರಿಗೆ ಕಾರಿನಷ್ಟೇ ಅಮೂಲ್ಯ. ಇಂಥ ವಾಹನಗಳನ್ನು ರ‍್ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ದುರಸ್ತಿ ಮತ್ತು ಇಂಧನಕ್ಕಾಗಿ ರಸ್ತೆಗೆ ತರಬಹುದು. ದಿನಬಳಕೆಗೂ ಬಾಡಿಗೆಗೂ ಅವಕಾಶವಿಲ್ಲ.

ನಿಯಮ ಒಳ್ಳೆಯದು, ಆದರೆ ಅರ್ಧ ದಾರಿಗೇ ನಿಂತಿದೆ. ಅದೇ 2021ರ ಆಗಸ್ಟಿನಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿಯೂ ಬಂತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು. ಕರ್ನಾಟಕದಲ್ಲಿ ಅದರ ಮೇಲೆ ಹಸಿರು ತೆರಿಗೆಯೂ ಇದೆ. ದೆಹಲಿ ಪ್ರದೇಶದಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು, ಹತ್ತು ದಾಟಿದ ಡೀಸೆಲ್ ಕಾರು ಓಡಿಸದಂತೆ ನ್ಯಾಯಾಲಯಗಳ ಆದೇಶಗಳು ಬಂದವು. ಹಾಗಾಗಿ ಕಾರೊಂದು ಹದಿನೈದನೆಯ ವರ್ಷದಲ್ಲಿ ಬೇಡವಾಗಿ, ಐವತ್ತನೆಯ ವರ್ಷದಲ್ಲಿ ಪರಂಪರೆಯಾಗುತ್ತದೆ. ನಡುವಿನ ಮೂವತ್ತೈದು ವರ್ಷ ಅದನ್ನು ಕಾಯುವ ಕಾನೂನಿಲ್ಲ.

ವಾಯುಮಾಲಿನ್ಯದ ಕಾಳಜಿ ಸುಳ್ಳಲ್ಲ. ಆದರೆ ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಹವ್ಯಾಸಿಯ ಕಾರನ್ನೂ ದಿನವಿಡೀ ಬಾಡಿಗೆಗೆ ಓಡುವ ವಾಹನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಫಿವಾದ ಮೂವತ್ತು ವರ್ಷದ ಮಿತಿಯನ್ನೊಪ್ಪಿ, ಓಡಾಟಕ್ಕೆ ವಾರ್ಷಿಕ ಮಿತಿ ಹಾಕಿದರೆ ಎರಡೂ ಉದ್ದೇಶ ಈಡೇರುತ್ತವೆ.

ಹೊಸ ತಲೆಮಾರು

ಈ ಹವ್ಯಾಸಕ್ಕೆ ಈಗ ಬರುತ್ತಿರುವ ಮೂವತ್ತು, ನಲವತ್ತರ ಹರೆಯದವರಿಗೆ ರೋಲ್ಸ್‌ರಾಯ್ಸ್ ಬೇಕಿಲ್ಲ. ಅವರು ಹುಡುಕುವುದು ಅಪ್ಪ ಓಡಿಸುತ್ತಿದ್ದ ಪದ್ಮಿನಿ, ಸೋದರಮಾವನ ಬಳಿಯಿದ್ದ ಕಾಂಟೆಸ್ಸಾ, ಮನೆಗೆ ಮೊದಲು ಬಂದ ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಕೀಲಿ ಕೊಟ್ಟ ಮೊದಲ ಮಾರುತಿಯೂ ಬಹುಕಾಲ ಬಿಸಿಲು ಮಳೆಗೆ ಬಿದ್ದಿತ್ತು; ಕೊನೆಗೆ ಕಂಪನಿಯೇ ದುರಸ್ತಿ ಮಾಡಿ ತನ್ನ ಕಚೇರಿಯಲ್ಲಿಟ್ಟಿತು. ಮಾರುತಿ 800 ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಟಾಟಾ ಸಿಯೆರಾ, ಪ್ರೀಮಿಯರ್ 118 ಎನ್‌ಇ, ಸಿಪಾನಿಯ ಕಾರುಗಳಿಗೂ ಈಗೀಗ ಹುಡುಕುವವರು ಹುಟ್ಟಿಕೊಂಡಿದ್ದಾರೆ. ದುಡ್ಡಿನ ಲೆಕ್ಕದಲ್ಲಿ ಇವು ಲಾಭದ ವ್ಯವಹಾರವಲ್ಲ. ಭಾರತದ ಮಧ್ಯಮ ವರ್ಗ ಹೇಗೆ ಓಡಾಡಿತು ಎಂಬುದಕ್ಕೆ ಮಾತ್ರ ಇವುಗಳಿಗಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ.

1982ರ ಡಾಲ್ಫಿನ್ ಕಾನೂನಿನ ಕಣ್ಣಲ್ಲಿ ವಿಂಟೇಜ್ ಆಗುವುದು 2032ರಲ್ಲಿ; 1984ರ ಮಾರುತಿ, 2034ರಲ್ಲಿ. ಅಲ್ಲಿಯವರೆಗೆ ಅವನ್ನು ಕಾಯಬೇಕಾದವರು ಅವುಗಳ ಮಾಲೀಕರೇ. ಮನೆಯ ಹಿಂದೆ, ತೋಟದ ಶೆಡ್ಡಿನಲ್ಲಿ ಇಂಥದೊಂದು ಕಾರಿರುವವರು ಗುಜರಿಯವನಿಗೆ ಕೊಡುವ ಮುಂಚೆ ಅದರ ಆರ್.ಸಿ. ಪುಸ್ತಕ, ಕೊಂಡ ರಸೀದಿ, ಹಳೆಯ ಫೋಟೊಗಳನ್ನು ತೆಗೆದಿಟ್ಟು ಹತ್ತಿರದ ಹವ್ಯಾಸಿಗಳ ಸಂಘಕ್ಕೆ ಒಂದು ಮಾತು ತಿಳಿಸಬೇಕು.